ಬೆತ್ತ ಮುರಿದದ್ದನ್ನು ಜೋಡಿಸೀತೇ?



ಪ್ರತಿ ವರ್ಷ ಜನವರಿ 31ರಂದು ನಾವು ಸಂತ ಜಾನ್ ಬೋಸ್ಕೋರವರ ಹಬ್ಬವನ್ನು ಆಚರಿಸುತ್ತೇವೆ. ಅಂದು ಪೀಠದ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಆಶೀರ್ವದಿಸುತ್ತೇವೆ, ಸಿಹಿ ಹಂಚುತ್ತೇವೆ, ಪ್ರಬೋಧನೆಯಲ್ಲಿ ಅವರನ್ನು ಯುವಜನರ ತಂದೆ ಎಂದು ಕೊಂಡಾಡುತ್ತೇವೆ. ಆದರೆ ಮಕ್ಕಳ ಶಿಕ್ಷೆಯ ವಿಷಯದಲ್ಲಿ ಅವರು ಏನು ಹೇಳಿದರೆಂಬುದನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ. ನೆನೆದರೆ ನಮಗೇ ಇರಿಸುಮುರಿಸು.

1815ರಲ್ಲಿ ಇಟಲಿಯ ಬಡ ರೈತ ಕುಟುಂಬದಲ್ಲಿ ಹುಟ್ಟಿದ ಈ ಬಾಲಕನಿಗೆ ಒಂಬತ್ತನೆಯ ವಯಸ್ಸಿನಲ್ಲಿ ಒಂದು ಕನಸು ಬಿತ್ತು. ಹುಡುಗರ ಗುಂಪೊಂದು ಆಡುತ್ತಾ ಕೆಟ್ಟ ಮಾತನಾಡುತ್ತಿತ್ತು. ಬಾಲಕ ಮುಷ್ಟಿ ಬಿಗಿದು ಅವರ ಮೇಲೆ ಬಿದ್ದ. ಆಗ ಒಬ್ಬ ಗಂಭೀರ ವ್ಯಕ್ತಿ ಕಾಣಿಸಿಕೊಂಡು, ಇವರನ್ನು ನೀನು ಗೆಲ್ಲಬೇಕಾದದ್ದು ಹೊಡೆತದಿಂದಲ್ಲ, ಸೌಮ್ಯತೆಯಿಂದ ಎಂದು ತಿಳಿಸಿದ. ಮುಂದೆ 1877ರಲ್ಲಿ ಅವರು ತಮ್ಮ ಶಿಕ್ಷಣ ಪದ್ಧತಿಯ ಬಗ್ಗೆ ಒಂದು ಚಿಕ್ಕ ಬರಹ ಬರೆದಾಗ, ಮಕ್ಕಳನ್ನು ಯಾವ ರೀತಿಯಲ್ಲೂ ಹೊಡೆಯಕೂಡದು, ನೋವಾಗುವಂತೆ ಮೊಣಕಾಲೂರಿಸಕೂಡದು, ಕಿವಿ ಹಿಂಡಕೂಡದು ಎಂದು ಒಂದೊಂದಾಗಿ ಎಣಿಸಿ ಬಿಟ್ಟುಬಿಡಲು ಹೇಳಿದರು. ಗಮನಿಸಿ, ಇದು ಸುಮಾರು ನೂರೈವತ್ತು ವರ್ಷಗಳ ಹಿಂದಿನ ಮಾತು. ಅವರು ಎಣಿಸಿದ ಶಿಕ್ಷೆಗಳನ್ನು ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಯಾವ ಹಿರಿಯರನ್ನು ಕೇಳಿದರೂ ಬೆರಳು ಮಡಚಿ ಹೇಳಬಲ್ಲರು. ಬಸ್ಕಿ ಹೊಡೆಸುವುದು, ಬಿಸಿಲಲ್ಲಿ ನಿಲ್ಲಿಸುವುದು, ಬಗ್ಗಿ ಕಾಲಿನ ಹೆಬ್ಬೆರಳು ಹಿಡಿಸುವುದು, ಸರಿಯಾದ ಉತ್ತರ ಹೇಳಿದ ಹುಡುಗಿಯ ಕೈಯಿಂದ ಹೇಳದ ಹುಡುಗನ ಕಪಾಳಕ್ಕೆ ಹೊಡೆಸುವುದು ಎಲ್ಲವೂ ಅವರಿಗೆ ಗೊತ್ತು. ಅವರ ತಂದೆ ತಾತಂದಿರ ಕಾಲದ ಗಾಂವಠಿ ಶಾಲೆಗಳಲ್ಲಿ ಹಗ್ಗಕ್ಕೆ ಜೋತು ಬೀಳಿಸುವ ಕೋದಂಡವೂ ಇತ್ತು.

ಹಾಗಾದರೆ ಹೊಡೆಯುವುದನ್ನು ಬಿಟ್ಟರೆ ಏನು ಮಾಡಬೇಕು? ತಪ್ಪು ಮಾಡಿದ ಮಗುವನ್ನು ಹಾಗೆಯೇ ಬಿಟ್ಟುಬಿಡುವುದೇ? ಶಿಕ್ಷಕರೂ ತಂದೆತಾಯಿಗಳೂ ನಮ್ಮನ್ನು ಕೇಳುವ ಪ್ರಶ್ನೆ ಇದೇ. ಇದಕ್ಕೆ ಉತ್ತರ ಹುಡುಕುವ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳುವುದು ನ್ಯಾಯ.

ಮುನ್ನೂರು ರೂಪಾಯಿಯ ಕಥೆ

ಹದಿನೇಳು ಹದಿನೆಂಟು ವರ್ಷಗಳ ಹಿಂದಿನ ಮಾತು. ಗುರುದೀಕ್ಷೆ ಪಡೆದು ಹೆಚ್ಚು ದಿನವಾಗಿರಲಿಲ್ಲ. ಈ ಭಾಗದ ಒಂದು ಬೋರ್ಡಿಂಗಿನ ಹುಡುಗರ ಹೊಣೆ ನಮ್ಮ ಮೇಲಿತ್ತು. ದೀಪಾವಳಿಯ ಹೊತ್ತಿಗೆ ಒಬ್ಬ ಹುಡುಗನ ಟ್ರಂಕಿನಿಂದ ಮುನ್ನೂರು ರೂಪಾಯಿ ಕಾಣೆಯಾಯಿತು. ಏಳನೆಯ ತರಗತಿಯ ಇನ್ನೊಬ್ಬ ಹುಡುಗ ಸಿಕ್ಕಿಬಿದ್ದ. ಸಂಜೆ ಪ್ರಾರ್ಥನೆಗೆ ಎಲ್ಲರೂ ಸೇರಿದಾಗ ಅವರೆದುರಿಗೇ ಅವನ ಅಂಗೈಗೆ ನಾಲ್ಕು ಏಟು ಕೊಟ್ಟೆವು. ಮರುದಿನ ತಂದೆಗೆ ಹೇಳಿಕಳಿಸಿದೆವು. ತಂದೆ ಬಂದವರೇ ನಮ್ಮೆದುರಿಗೆ ಮಗನಿಗೆ ಮತ್ತಷ್ಟು ಹೊಡೆದು, ಅವನ ಟ್ರಂಕನ್ನು ಹೆಗಲಿಗೇರಿಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ವಿಷಯ ಮುಗಿಯಿತೆಂದುಕೊಂಡೆವು.

ಮುಗಿದಿರಲಿಲ್ಲ. ಹಣ ಕಳೆದುಕೊಂಡವನಿಗೆ ಹಣ ಮರಳಿ ಸಿಗಲಿಲ್ಲ. ಅವನಿಗೆ ಏನನ್ನಿಸಿತೆಂದು ನಾವು ಕೇಳಲೂ ಇಲ್ಲ. ಆ ವರ್ಷ ಮುಗಿಯುವವರೆಗೂ ಅವನು ಟ್ರಂಕಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಿದ್ದ. ಉಳಿದ ಹುಡುಗರು ಕಲಿತದ್ದು ಒಂದೇ, ಸಿಕ್ಕಿಬೀಳಬಾರದು ಎಂಬುದು. ಕದ್ದವನೋ ಮೂರು ತಿಂಗಳಲ್ಲಿ ಸೋದರಮಾವನ ಜೊತೆ ಗೋವೆಗೆ ಹೋಗಿ ಕಟ್ಟಡದ ಕೆಲಸಕ್ಕೆ ಸೇರಿದನೆಂದು ಸುದ್ದಿ ಬಂತು. ಅವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಹಣ ಯಾಕೆ ತೆಗೆದ? ಇದು ತಿಳಿದದ್ದು ಬಹಳ ತಡವಾಗಿ, ಅವನ ತಾಯಿಯಿಂದ. ದಸರೆ ಮುಗಿದ ಮೇಲೆ ಆಕೆ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗಿದ್ದರು. ಹಬ್ಬಕ್ಕೆ ಉಳಿದ ಹುಡುಗರ ಮನೆಯವರು ಬುತ್ತಿ ಕಟ್ಟಿಕೊಂಡು ಬಂದರು. ಇವನ ಕಡೆಯಿಂದ ಯಾರೂ ಬರಲಿಲ್ಲ. ತಾಯಿಯನ್ನು ನೋಡಿಬರಲು ಅವನಿಗೆ ಬಸ್ಸಿನ ದುಡ್ಡು ಬೇಕಿತ್ತು. ಅಂದು ನಾಲ್ಕು ಏಟು ಕೊಟ್ಟ ನಾವು 'ಯಾಕ ತಗೊಂಡಿ ತಮ್ಮಾ?' ಎಂಬ ಒಂದು ಮಾತು ಕೇಳಿರಲಿಲ್ಲ.

ಕದ್ದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಮಾಡಿದ ನ್ಯಾಯದಿಂದ ಯಾರಿಗೆ ಏನು ಸಿಕ್ಕಿತು? ಕಳೆದುಕೊಂಡವನಿಗೆ ಭಯ ಉಳಿಯಿತು, ಕದ್ದವನಿಗೆ ಶಾಲೆ ತಪ್ಪಿತು, ಶಿಸ್ತು ಕಾಪಾಡಿದೆವೆಂಬ ಸಮಾಧಾನ ಮಾತ್ರ ನಮ್ಮ ಪಾಲಿಗೆ ಬಂತು.

ಎರಡು ಬಗೆಯ ಪ್ರಶ್ನೆಗಳು

ಶಾಲೆಯಲ್ಲಿ ತಪ್ಪು ನಡೆದಾಗ ನಾವು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತೇವೆ. ಯಾವ ನಿಯಮ ಮುರಿಯಿತು? ಮುರಿದವರು ಯಾರು? ಅವರಿಗೆ ಏನು ಶಿಕ್ಷೆ? ಈ ಮೂರು ಪ್ರಶ್ನೆಗಳಲ್ಲಿ ನೋವುಂಡವನಿಗೆ ಜಾಗವೇ ಇಲ್ಲ. ಅವನು ಸಾಕ್ಷಿ ಹೇಳಿ ಹಿಂದಿನ ಬೆಂಚಿಗೆ ಹೋಗಿ ಕೂರಬೇಕು.

ಇದಕ್ಕೆ ಬದಲಾಗಿ ಬೇರೆ ಮೂರು ಪ್ರಶ್ನೆಗಳನ್ನು ಕೇಳುವ ಒಂದು ಪದ್ಧತಿ ಇದೆ. ಯಾರಿಗೆ ನೋವಾಯಿತು? ಅವರಿಗೆ ಈಗ ಏನು ಬೇಕು? ಅದನ್ನು ಸರಿಪಡಿಸುವ ಹೊಣೆ ಯಾರದು? ಇದನ್ನೇ ಪುನಃಸ್ಥಾಪನಾ ನ್ಯಾಯ ಎನ್ನುತ್ತಾರೆ. ಸರಳವಾಗಿ ಹೇಳುವುದಾದರೆ, ಮುರಿದದ್ದನ್ನು ಮತ್ತೆ ಜೋಡಿಸುವ ನ್ಯಾಯ. ಇಲ್ಲಿ ತಪ್ಪೆಂದರೆ ಮುಖ್ಯವಾಗಿ ನಿಯಮದ ಉಲ್ಲಂಘನೆಯಲ್ಲ, ಮನುಷ್ಯರ ನಡುವಿನ ಸಂಬಂಧಕ್ಕೆ ಬಿದ್ದ ಪೆಟ್ಟು. ಆದ್ದರಿಂದ ಶಿಕ್ಷೆ ಅನುಭವಿಸಿದ ಮಾತ್ರಕ್ಕೆ ಲೆಕ್ಕ ತೀರುವುದಿಲ್ಲ. ತಪ್ಪು ಮಾಡಿದವನು ನೋವುಂಡವನ ಎದುರಿಗೆ ಕುಳಿತು, ಅವನ ಮಾತು ಕೇಳಿ, ಹಾನಿಯನ್ನು ತುಂಬಿಕೊಡಬೇಕು. ಬೆನ್ನು ಬಗ್ಗಿಸಿ ಏಟು ತಿನ್ನುವುದಕ್ಕಿಂತ ಇದು ಸುಲಭವೇ? ಒಮ್ಮೆ ನೋಡಿದವರು ಹಾಗೆನ್ನಲಾರರು.

ಇದು ಎಲ್ಲಿಂದ ಬಂತು?

1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ ಇಬ್ಬರು ಯುವಕರು ಕುಡಿದ ಅಮಲಿನಲ್ಲಿ 22 ಕಡೆ ಮನೆ, ವಾಹನ, ಅಂಗಡಿಗಳನ್ನು ಹಾಳುಮಾಡಿದರು. ಅವರ ಮೇಲ್ವಿಚಾರಣೆಗೆ ನೇಮಕವಾಗಿದ್ದ ಮಾರ್ಕ್ ಯಾಂಟ್ಜಿ ಎಂಬ ಅಧಿಕಾರಿ ನ್ಯಾಯಾಧೀಶರ ಮುಂದೆ ಒಂದು ಹೊಸ ಸಲಹೆಯಿಟ್ಟರು. ಈ ಯುವಕರು ಹಾನಿಗೊಳಗಾದವರ ಬಾಗಿಲಿಗೆ ತಾವೇ ಹೋಗಿ, ಅವರನ್ನು ಕಂಡು, ನಷ್ಟ ಕಟ್ಟಿಕೊಡಲಿ ಎಂಬುದು ಆ ಸಲಹೆ. ನ್ಯಾಯಾಧೀಶರು ಒಪ್ಪಿದರು. ಯುವಕರು ಮನೆ ಮನೆಗೆ ಹೋದರು. ಇಂದಿನ ಪುನಃಸ್ಥಾಪನಾ ನ್ಯಾಯದ ಚರಿತ್ರೆಯನ್ನು ಬಹಳಷ್ಟು ಮಂದಿ ಇಲ್ಲಿಂದ ಆರಂಭಿಸುತ್ತಾರೆ. 1989ರಲ್ಲಿ ನ್ಯೂಜಿಲೆಂಡ್ ದೇಶವು ಅಲ್ಲಿನ ಮೂಲನಿವಾಸಿ ಮಾವೊರಿ ಜನರ ರೂಢಿಯಿಂದ ಕಲಿತು, ತಪ್ಪು ಮಾಡಿದ ಮಕ್ಕಳ ವಿಷಯವನ್ನು ಕುಟುಂಬದವರೆಲ್ಲ ಕೂಡಿ ಕುಳಿತು ತೀರ್ಮಾನಿಸುವ ಸಭೆಗೆ ಕಾನೂನಿನಲ್ಲೇ ಜಾಗ ಕೊಟ್ಟಿತು. 1990ರಲ್ಲಿ ಅಮೆರಿಕದ ಹೊವಾರ್ಡ್ ಝೆರ್ ಬರೆದ ಪುಸ್ತಕ ಈ ಚಿಂತನೆಗೆ ಒಂದು ಗಟ್ಟಿ ರೂಪ ನೀಡಿತು. ಶಾಲೆಗೆ ಇದನ್ನು ಮೊದಲು ತಂದವರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಮಾರ್ಗರೆಟ್ ಥಾರ್ಸ್‌ಬೋರ್ನ್ ಒಬ್ಬರು. 1994ರಲ್ಲಿ ಒಂದು ಹೊಡೆದಾಟದ ಪ್ರಕರಣದಲ್ಲಿ ಅವರು ಎರಡೂ ಕಡೆಯ ಮಕ್ಕಳನ್ನೂ ಪಾಲಕರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು.

ನಮ್ಮ ರಾಜ್ಯದಲ್ಲೂ ಈ ದಾರಿ ತೀರ ಅಪರಿಚಿತವಲ್ಲ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಮಕ್ಕಳ ಪಾಲನಾ ಕೇಂದ್ರಗಳಲ್ಲಿ ಮಕ್ಕಳನ್ನು ಸುತ್ತಾಗಿ ಕೂರಿಸಿ ಮಾತನಾಡಿಸುವ ಕೆಲಸ ಮಾಡುತ್ತ ಬಂದಿದೆ. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ದುಡಿಯುವ ಮಕ್ಕಳ ನಡುವೆ ಹುಟ್ಟಿದ ಮಕ್ಕಳ ಪಂಚಾಯಿತಿಯು, ದೊಡ್ಡವರ ಎದುರಿಗೆ ಮಕ್ಕಳೂ ಮಾತನಾಡಬಲ್ಲರೆಂದು ತೋರಿಸಿಕೊಟ್ಟಿತು. ಇಂದು ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ನಲಿ ಕಲಿ ತರಗತಿಗಳಲ್ಲಿ ಚಿಕ್ಕ ಮಕ್ಕಳು ಸಾಲು ಬಿಟ್ಟು ಗುಂಪಾಗಿ ಸುತ್ತ ಕುಳಿತೇ ಕಲಿಯುತ್ತಾರೆ. ಅಂದರೆ ಕೂರುವ ಕ್ರಮ ನಮ್ಮಲ್ಲಿ ಈಗಾಗಲೇ ಇದೆ. ತಪ್ಪು ನಡೆದ ದಿನವೂ ಹಾಗೆ ಕೂರಬಹುದೆಂಬ ಯೋಚನೆ ಮಾತ್ರ ಬೇಕು.

ನಮ್ಮ ಹಳ್ಳಿಯ ಕಟ್ಟೆ

'ಇದರಾಗ ಹೊಸಾದೇನೈತ್ರಿ ಫಾದರ್? ನಮ್ಮೂರಾಗ ಹಿರ್ಯಾರು ಕಟ್ಟಿ ಮ್ಯಾಲೆ ಕುಂತು ಬಗೀಹರಸ್ತಿದ್ರಲ್ಲ' ಎಂದು ಮುದ್ದೇಬಿಹಾಳದ ಕಡೆಯ ಹಿರಿಯರೊಬ್ಬರು ನಮಗೆ ಹೇಳಿದರು. ಮಾತು ಅರ್ಧ ನಿಜ. ಬದುವಿನ ಜಗಳ, ಬೆಳೆ ಮೇಯ್ದ ದನದ ಜಗಳಗಳನ್ನು ಕೋರ್ಟಿಗೆ ಒಯ್ಯದೆ ಅಗಸಿಯ ಬಳಿಯೋ ಚಾವಡಿಯಲ್ಲೋ ತೀರಿಸಿಕೊಂಡು, ಕೊನೆಗೆ ಇಬ್ಬರೂ ಕೂಡಿ ಚಹಾ ಕುಡಿದೆದ್ದ ಉದಾಹರಣೆಗಳು ಎಲ್ಲ ಊರಲ್ಲೂ ಇವೆ. ದಂಡ ಹಾಕುವುದಕ್ಕಿಂತ ಮುಖ ಮುಖ ನೋಡುವಂತೆ ಮಾಡುವುದು ದೊಡ್ಡದೆಂಬ ತಿಳಿವಳಿಕೆ ನಮ್ಮ ಜನರಲ್ಲಿದೆ.

ಆದರೆ ಉಳಿದರ್ಧವನ್ನೂ ಹೇಳಬೇಕು. ಕಟ್ಟೆಯ ಮೇಲೆ ಕುಳಿತವರು ಯಾರು, ಕೆಳಗೆ ನಿಂತವರು ಯಾರು? ಅಲ್ಲಿ ಹೆಣ್ಣುಮಕ್ಕಳ ದನಿ ಎಷ್ಟು ಕೇಳುತ್ತಿತ್ತು? ಕೇರಿಯವರ ಮಾತಿಗೆ ಬೆಲೆ ಎಷ್ಟಿತ್ತು? ರಾಜಿಯ ಹೆಸರಿನಲ್ಲಿ ಬಡವನ ಬಾಯಿ ಮುಚ್ಚಿಸಿದ್ದೂ ಬಹಿಷ್ಕಾರ ಹಾಕಿದ್ದೂ ಉಂಟು. ನಾವು ಹೇಳುತ್ತಿರುವ ಪದ್ಧತಿಯಲ್ಲಿ ಹಿರಿಯರು ತೀರ್ಪು ಕೊಡುವುದಿಲ್ಲ, ನೋವುಂಡವರೂ ನೋವು ಮಾಡಿದವರೂ ತಾವೇ ಮಾತನಾಡಿ ದಾರಿ ಕಂಡುಕೊಳ್ಳುತ್ತಾರೆ. ಎಲ್ಲರೂ ಒಂದೇ ಮಟ್ಟದಲ್ಲಿ ಕೂರುತ್ತಾರೆ. ಮೇಲು ಕೀಳು ಬಿಟ್ಟು ಕೂಡಿ ಕುಳಿತು ಮಾತನಾಡುವ ಅನುಭವ ಮಂಟಪದ ನೆನಪನ್ನು ಬಸವಣ್ಣನವರ ಹುಟ್ಟೂರಾದ ಬಾಗೇವಾಡಿಯ ನೆಲದವರಿಗೆ ನಾವು ಹೊರಗಿನಿಂದ ತಂದು ಕಲಿಸಬೇಕಿಲ್ಲ.

ಒಂದು ಸೈಕಲ್ಲಿನ ಸುತ್ತ

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಪ್ರೌಢಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇವೆ. 2006-07ರಲ್ಲಿ ಆರಂಭವಾದ ಯೋಜನೆಯಂತೆ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದ ಕಾಲ ಅದು. ತೋಟದ ವಸ್ತಿಯಿಂದ ಐದು ಕಿಲೋಮೀಟರ್ ಬರುವ ಒಬ್ಬ ಹುಡುಗನ ಸೈಕಲ್ಲಿನ ಎರಡೂ ಗಾಲಿಗಳನ್ನು ಮೂವರು ಹುಡುಗರು ಬ್ಲೇಡಿನಿಂದ ಕೊಯ್ದುಹಾಕಿದರು. ಶಾಲೆಯವರು ಮೂವರನ್ನೂ ಹೊಡೆದು ಹದಿನೈದು ದಿನ ಮನೆಗೆ ಕಳಿಸಲು ಸಿದ್ಧರಾಗಿದ್ದರು. ಮುಖ್ಯ ಗುರುಗಳು ಮಾತ್ರ ಒಂದು ದಿನ ತಡೆಯಿರಿ ಎಂದರು. ನಮ್ಮನ್ನೂ ಕರೆದರು.

ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಕೋಣೆಯಲ್ಲಿ ಚಾಪೆ ಹಾಸಿ ಸುತ್ತಾಗಿ ಕುಳಿತೆವು. ಸೈಕಲ್ಲಿನ ಹುಡುಗ, ಅವನ ತಾಯಿ, ಆ ಮೂವರು, ಅವರ ಮನೆಯವರು, ವರ್ಗದ ಅಕ್ಕೋರು, ದೈಹಿಕ ಶಿಕ್ಷಕರು, ಮುಖ್ಯ ಗುರುಗಳು ಮತ್ತು ನಾವು. ಮೊದಲು ಏನು ನಡೆಯಿತೆಂದು ಆ ಮೂವರೇ ಹೇಳಬೇಕಾಯಿತು. ಒಬ್ಬ ಹೇಳಿದ, ಇನ್ನೊಬ್ಬ ನೆಲ ನೋಡಿದ, ಮೂರನೆಯವನು ಬಾಯಿ ಬಿಡಲಿಲ್ಲ. ಆಮೇಲೆ ತಾಯಿಯ ಸರದಿ.

'ನನ್ನ ಮಗಾ ಮುಂಜಾನೆ ತಂಗೀನ ಸೈಕಲ್ ಮ್ಯಾಲೆ ಅಂಗನವಾಡಿಗೆ ಬಿಟ್ಟು ಸಾಲಿಗೆ ಬರ್ತಿದ್ದ. ಈಗ ಆ ಕೂಸನ್ನ ನಾನಾ ಹೊತ್ಕೊಂಡು ಹೋಗಿ ಬಿಟ್ಟು ಬರ್ಬೇಕು. ಹೊಲಕ್ಕ ಹೋಗೂದು ತಡಾ ಆಕ್ಕೈತಿ. ಮೂರು ದಿನದಿಂದ ಅರ್ಧಾ ಪಗಾರ ಕೊಟ್ಟಾರ. ನಿಮಗ ಇದು ಗೊತ್ತೈತೇನ್ರಪಾ?'

ಅವರಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಗಾಲಿ ಕೊಯ್ದದ್ದು ಒಬ್ಬ ಹುಡುಗನ ಸೈಕಲ್ಲಿಗೆ, ಪೆಟ್ಟು ಬಿದ್ದದ್ದು ಒಂದು ಮನೆಯ ಕೂಲಿಗೆ. ನೆಲ ನೋಡುತ್ತಿದ್ದವನ ಕಣ್ಣು ಒದ್ದೆಯಾಯಿತು. ಆಗ ಅವನು ಕಾರಣ ಹೇಳಿದ. ಜಾತ್ರೆಯ ಕುಸ್ತಿ ನೋಡಲು ಅವರು ಗೋಡೆ ಹಾರಿ ಹೋದದ್ದನ್ನು ಈ ಹುಡುಗ ಹೇಳಿಬಿಟ್ಟಿದ್ದ. ಅದಕ್ಕಾಗಿ ಎಲ್ಲರೆದುರು ಏಟು ತಿಂದಿದ್ದರು. ಆ ಸಿಟ್ಟು ಸೈಕಲ್ಲಿನ ಮೇಲೆ ಬಿತ್ತು. ದೈಹಿಕ ಶಿಕ್ಷಕರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಂದ್ರ ಮೊದಲನೇ ಏಟು ನಂದಾತು' ಎಂದರು. ಅವರ ಆ ಮಾತಿನಿಂದ ಕೋಣೆಯ ಬಿಗಿ ಸಡಿಲವಾಯಿತು.

ಒಪ್ಪಂದವನ್ನು ಮಕ್ಕಳೇ ಕಟ್ಟಿದರು. ಟೈರು, ಟ್ಯೂಬುಗಳ ಖರ್ಚನ್ನು ಮೂರು ಮನೆಯವರು ಹಂಚಿಕೊಳ್ಳುವುದು. ಪಂಕ್ಚರ್ ಅಂಗಡಿಯವರ ಹತ್ತಿರ ಕುಳಿತು ಮೂವರೂ ತಾವೇ ಗಾಲಿ ಜೋಡಿಸುವುದು. ಸೈಕಲ್ ಸಿದ್ಧವಾಗುವವರೆಗೆ ದಿನಕ್ಕೊಬ್ಬರಂತೆ ಅವನನ್ನೂ ತಂಗಿಯನ್ನೂ ತಮ್ಮ ಸೈಕಲ್ ಮೇಲೆ ಕರೆತರುವುದು. ತಾಯಿ ಒಂದನ್ನು ಸೇರಿಸಿದರು: ಮಗನನ್ನು ಇನ್ನು ಮುಂದೆ ಚಾಡಿಖೋರ ಎನ್ನಕೂಡದು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಮಾಡಿದರು.

ಎಲ್ಲವೂ ಹೂವಿನಂತೆ ನಡೆಯಿತೆಂದು ಹೇಳಲಾರೆವು. ಬಾಯಿ ಬಿಡದ ಮೂರನೆಯವನು ಎರಡನೆಯ ದಿನವೇ ತಪ್ಪಿಸಿಕೊಂಡ. ಅವನ ತಂದೆ, ದುಡ್ಡು ಕೊಟ್ಟ ಮೇಲೆ ಇನ್ನೇನು ಎಂದು ಜಗಳಕ್ಕೆ ಬಂದರು. ಉಳಿದಿಬ್ಬರು ಅವನ ಪಾಳಿಯನ್ನೂ ತಾವೇ ಮಾಡಿದರು. ಆದರೆ ನಾಲ್ವರೂ ಶಾಲೆಯಲ್ಲಿ ಉಳಿದರು, ಎಸ್.ಎಸ್.ಎಲ್.ಸಿ. ಪರೀಕ್ಷೆಗೂ ಕುಳಿತರು. ಇದು ಸಣ್ಣ ಮಾತಲ್ಲ.

ಹೇಗೆ ನಡೆಸಬೇಕು?

ಇಂತಹ ಸಭೆಯನ್ನು ನಡೆಸಬಯಸುವ ಶಿಕ್ಷಕರಿಗೆ ನಮ್ಮ ಅನುಭವದ ಕೆಲವು ಮಾತುಗಳು:

1. ಮೊದಲು ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕಂಡು ಮಾತನಾಡಿ. ತಪ್ಪು ಮಾಡಿದವನು ತಾನೇ ಮಾಡಿದೆನೆಂದು ಒಪ್ಪಿಕೊಳ್ಳದಿದ್ದರೆ ಸಭೆ ಕರೆಯಬೇಡಿ. ಸತ್ಯ ಪತ್ತೆಹಚ್ಚುವ ಜಾಗ ಇದಲ್ಲ.

2. ನೋವುಂಡ ಮಗುವಿಗೆ ಇಷ್ಟವಿಲ್ಲದಿದ್ದರೆ ಒತ್ತಾಯ ಕೂಡದು. ಅದರ ಪಕ್ಕದಲ್ಲಿ ನಂಬಿಕೆಯ ಒಬ್ಬರು ಕುಳಿತಿರಲಿ.

3. ಕುರ್ಚಿ, ಮೇಜು ಬೇಡ. ಎಲ್ಲರೂ ಒಂದೇ ಮಟ್ಟದಲ್ಲಿ ಕೂರಲಿ. ಒಂದು ವಸ್ತುವನ್ನು, ಸುಣ್ಣದ ಕಡ್ಡಿಯಾದರೂ ಸರಿ, ಕೈಯಿಂದ ಕೈಗೆ ದಾಟಿಸಿ. ಅದು ಯಾರ ಕೈಯಲ್ಲಿದೆಯೋ ಅವರೊಬ್ಬರೇ ಮಾತನಾಡಲಿ. ಮಾತುಗಾರರು ಕೇಳಲು ಕಲಿಯುತ್ತಾರೆ, ಮೂಕರಂತಿದ್ದವರಿಗೆ ಸರದಿ ಸಿಗುತ್ತದೆ.

4. ಕೇಳಬೇಕಾದವು ಕೆಲವೇ ಪ್ರಶ್ನೆಗಳು. ಏನಾಯಿತು? ಆಗ ನಿನ್ನ ಮನಸ್ಸಿನಲ್ಲಿ ಏನಿತ್ತು? ಯಾರಿಗೆಲ್ಲ ತೊಂದರೆಯಾಯಿತು? ಸರಿಪಡಿಸಲು ಏನು ಮಾಡುತ್ತೀ? 'ನಾಚಿಕೆಯಾಗುವುದಿಲ್ಲವೇ?' ಎಂಬ ಪ್ರಶ್ನೆ ಇದರಲ್ಲಿಲ್ಲ.

5. ಒಪ್ಪಂದವು ಮಗು ಮಾಡಬಲ್ಲಂಥದ್ದಾಗಿರಲಿ, ಮಾಡಿದ ಹಾನಿಗೆ ಸಂಬಂಧಪಟ್ಟದ್ದಾಗಿರಲಿ. ಅವಮಾನ ಮಾಡುವುದು ಪರಿಹಾರವಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಓದಿ ನಾಡೇ ತಲೆತಗ್ಗಿಸಿತು. ಸೇವೆಯ ಹೆಸರಿನಲ್ಲೂ ಶಿಸ್ತಿನ ಹೆಸರಿನಲ್ಲೂ ಮಕ್ಕಳಿಂದ ಮಾಡಿಸಕೂಡದ ಕೆಲಸಗಳಿವೆ.

6. ಎರಡು ವಾರ ಕಳೆದ ಮೇಲೆ ಮತ್ತೆ ಹತ್ತು ನಿಮಿಷ ಕೂಡಿ. ಮಾತು ನಡೆಯಿತೇ ಎಂದು ನೋಡಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ನೀರಿನ ಮೇಲಿನ ಬರಹ.

ಕ್ಷಮೆಯಷ್ಟೇ ಸಾಲದು

ನಮ್ಮ ಭಾಗದಲ್ಲಿ ಬಸವಣ್ಣನವರ ಬಗ್ಗೆ ಜನ ಹೇಳುವ ಒಂದು ಕಥೆ ಇದೆ. ಕಳ್ಳರು ಹಸುಗಳನ್ನು ಹೊಡೆದುಕೊಂಡು ಹೋದಾಗ, ಕರುಗಳು ಹಾಲಿಲ್ಲದೆ ಕೂಗುತ್ತವೆಂದು ಕರುಗಳನ್ನೂ ಅವರಿಗೇ ಬಿಟ್ಟುಕೊಡಲು ಹೇಳಿದರಂತೆ. ಅದು ಮಹಾತ್ಮರ ಕರುಣೆ. ಆದರೆ ಮುನ್ನೂರು ರೂಪಾಯಿ ಕಳೆದುಕೊಂಡ ಹನ್ನೆರಡು ವರ್ಷದ ಹುಡುಗನಿಗೆ 'ನೀನೂ ಹಾಗೆ ಬಿಟ್ಟುಬಿಡು' ಎಂದು ಉಪದೇಶಿಸುವ ಹಕ್ಕು ನಮಗಿಲ್ಲ. ಕ್ಷಮೆ ನೋವುಂಡವನು ಕೊಡುವ ದಾನ. ಸರಿಪಡಿಸುವುದು ನೋವು ಮಾಡಿದವನು ತೀರಿಸುವ ಸಾಲ. ಮೊದಲನೆಯದನ್ನು ಯಾರೂ ಬಲವಂತದಿಂದ ಪಡೆಯಲಾಗದು. ಎರಡನೆಯದನ್ನು ಕೇಳಬಹುದು, ಕೇಳಲೇಬೇಕು.

ಸಂತ ಲೂಕನ ಶುಭಸಂದೇಶದ ಜಕ್ಕಾಯನನ್ನು ನೆನೆಯಿರಿ. ಪ್ರಭು ಯೇಸು ಅವನಿಗೆ ಛಡಿ ತೋರಿಸಲಿಲ್ಲ, ಗುಂಪಿನೆದುರು ಹೀಯಾಳಿಸಲೂ ಇಲ್ಲ, ಅವನ ಮನೆಗೆ ಊಟಕ್ಕೆ ಹೋದರು. ಆದರೆ ಕಥೆ ಊಟದಲ್ಲಿ ಮುಗಿಯುವುದಿಲ್ಲ. ಜಕ್ಕಾಯನು ಎದ್ದು ನಿಂತು, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂತಿರುಗಿಸುವ ಮಾತು ಕೊಟ್ಟನು. ಅವನು ಸುಂಕ ವಸೂಲಿಯವನು, ಲೆಕ್ಕ ಬಲ್ಲವನು. ಪ್ರೀತಿಯಿಂದ ಕರೆದಾಗಲೇ ಅವನು ತನ್ನ ಲೆಕ್ಕವನ್ನು ತಾನೇ ತೆಗೆದಿಟ್ಟನು.

ಕಾನೂನು ಏನು ಹೇಳುತ್ತದೆ?

'ಕಣ್ಣು ಎರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸರ್, ಬುದ್ಧಿ ಬರ್ಲಿ' ಎಂದು ಶಾಲೆಯ ಬಾಗಿಲಲ್ಲಿ ಹೇಳುವ ತಂದೆತಾಯಿಗಳು ಇಂದಿಗೂ ಇದ್ದಾರೆ. ಪಾಲಕರು ಒಪ್ಪಿಗೆ ಕೊಟ್ಟ ಮಾತ್ರಕ್ಕೆ ಹೊಡೆತ ಸರಿಯಾಗುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದೇ ಕಾಯಿದೆಯಂತೆ 8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಗಳಲ್ಲಿ ಅನುತ್ತೀರ್ಣಗೊಳಿಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿತೇ ಹೊರತು ಹೊರಹಾಕಲು ಅಲ್ಲ.

ಇಲ್ಲಿ ನಮ್ಮವರೇ ಒಂದು ಮಾತು ತೆಗೆಯುತ್ತಾರೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಮತಿ ಪ್ರಕರಣದ ತೀರ್ಪಿನಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳನ್ನು ಈ ಕಾಯಿದೆಯಿಂದ ಹೊರಗಿಟ್ಟಿತು, ಹಾಗಾಗಿ ನಮಗೆ ಇದು ತಟ್ಟುವುದಿಲ್ಲ ಎಂಬ ಮಾತು. ಇದು ಅಪಾಯದ ತರ್ಕ. 2015ರ ಬಾಲನ್ಯಾಯ ಕಾಯಿದೆಯ 75ನೇ ಕಲಮು ಎಲ್ಲರಿಗೂ ಒಂದೇ. ತನ್ನ ವಶದಲ್ಲಿರುವ ಮಗುವಿಗೆ ಹೊಡೆದು ಬಡಿದು ಅನಾವಶ್ಯಕ ನೋವು ಕೊಟ್ಟವರಿಗೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಮಕ್ಕಳ ಪಾಲನೆಗೆಂದೇ ಇರುವ ಸಂಸ್ಥೆಯವರು ಹೀಗೆ ಮಾಡಿದರೆ ಶಿಕ್ಷೆ ಇನ್ನೂ ಹೆಚ್ಚು. ಅದಿರಲಿ, ಸಂತ ಜಾನ್ ಬೋಸ್ಕೋರವರ ಚಿತ್ರವನ್ನು ಗೋಡೆಗೆ ತೂಗುಹಾಕಿಕೊಂಡವರು ಕಾಯಿದೆಯ ಸಂದಿ ಹುಡುಕಬಹುದೇ?

ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆರೆಯ ಮಹಾರಾಷ್ಟ್ರ, ಗೋವಾ, ಆಂಧ್ರಪ್ರದೇಶ ಸೇರಿ 13 ರಾಜ್ಯಗಳ ಶಾಲಾಮಕ್ಕಳಲ್ಲಿ ನೂರಕ್ಕೆ 65 ಮಂದಿ ದೈಹಿಕ ಶಿಕ್ಷೆ ಅನುಭವಿಸಿದ್ದಾಗಿ ಹೇಳಿದರು. ಅಂದರೆ ಮೂವರಲ್ಲಿ ಇಬ್ಬರು.

ಎಲ್ಲಿ ಇದು ಕೂಡದು?

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಅದನ್ನು ಚಾಪೆಯ ಮೇಲೆ ಕೂರಿಸಿ ರಾಜಿ ಮಾಡುವುದು ಅಪರಾಧ. 2012ರ ಪೋಕ್ಸೋ ಕಾಯಿದೆಯಂತೆ ಅದನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟವರಿಗೂ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098 ಪ್ರತಿ ಶಾಲೆಯ ಗೋಡೆಯ ಮೇಲೆ ಕಾಣುವಂತಿರಲಿ. ಜಾತಿಯ ಹೆಸರಿನಲ್ಲಿ ನಡೆದ ದೌರ್ಜನ್ಯವನ್ನೂ ಶಾಲೆಯ ಮರ್ಯಾದೆ ಉಳಿಸಲೆಂದು 'ಒಳಗೊಳಗೇ' ಮುಗಿಸಕೂಡದು. ದೊಡ್ಡವರು ಮಗುವಿನ ಮೇಲೆ ಮಾಡಿದ ಅನ್ಯಾಯವನ್ನು ಮಕ್ಕಳ ನಡುವಿನ ಜಗಳದಂತೆ ಕಾಣಕೂಡದು. ಧರ್ಮಸಭೆಯಾಗಿ ನಾವು ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿಯುತ್ತಿದ್ದೇವೆ.

ಎರಡು ಆಕ್ಷೇಪಗಳು

'ಅರವತ್ತು ಮಕ್ಕಳ ವರ್ಗ, ಇರುವವರು ಮೂವರು ಶಿಕ್ಷಕರು, ಅದರಲ್ಲಿ ಒಬ್ಬರು ಅತಿಥಿ ಶಿಕ್ಷಕರು. ಪ್ರತಿ ಜಗಳಕ್ಕೂ ಚಾಪೆ ಹಾಸುತ್ತಾ ಕೂತರೆ ಪಾಠ ಯಾವಾಗ?' ಎಂದು ಶಿಕ್ಷಕರು ಕೇಳುತ್ತಾರೆ. ಇದು ಸೋಮಾರಿಯ ಪ್ರಶ್ನೆಯಲ್ಲ. ಪ್ರತಿ ಜಗಳಕ್ಕೂ ಸಭೆ ಬೇಡ. ಸಣ್ಣಪುಟ್ಟದಕ್ಕೆ ಇಬ್ಬರನ್ನೂ ಜಗುಲಿಯಲ್ಲಿ ನಿಲ್ಲಿಸಿ ಆ ನಾಲ್ಕು ಪ್ರಶ್ನೆ ಕೇಳಿದರೆ ಐದು ನಿಮಿಷ ಸಾಕು. ದೊಡ್ಡ ಸಭೆ ವರ್ಷಕ್ಕೆ ಮೂರೋ ನಾಲ್ಕೋ ಬಂದೀತು.

'ಮೆತ್ತಗಾದರೆ ಮಕ್ಕಳು ತಲೆಯ ಮೇಲೆ ಕೂರುತ್ತಾರೆ, ದಂಡಂ ದಶಗುಣಂ' ಎಂಬುದು ಎರಡನೆಯದು. ಇದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಬೇಕು, ಏಕೆಂದರೆ ಈ ಪದ್ಧತಿ ಸರ್ವರೋಗ ನಿವಾರಕವಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ನಗರದ 44 ಶಾಲೆಗಳಲ್ಲಿ ರಾಂಡ್ ಸಂಸ್ಥೆ 2015ರಿಂದ ಎರಡು ವರ್ಷ ಇದನ್ನು ಪರೀಕ್ಷಿಸಿತು. ಹೊಸ ಪದ್ಧತಿ ತಂದ ಶಾಲೆಗಳಲ್ಲಿ ಮಕ್ಕಳು ಅಮಾನತಿನಿಂದ ಕಳೆದುಕೊಳ್ಳುವ ದಿನಗಳು ಕಡಿಮೆಯಾದವು, ಶಾಲೆಯ ವಾತಾವರಣ ಸುಧಾರಿಸಿದೆಯೆಂದು ಶಿಕ್ಷಕರು ಹೇಳಿದರು. ಆದರೆ 6ರಿಂದ 8ನೇ ತರಗತಿಯ ಮಕ್ಕಳ ಕಲಿಕೆಯ ಅಂಕಗಳು ಕೊಂಚ ಇಳಿದವು. ಆದ್ದರಿಂದ ಪಾಠದ ಸಮಯವನ್ನು ಕಾಪಾಡಿಕೊಂಡು, ಶಿಕ್ಷಕರಿಗೆ ತರಬೇತಿ ಕೊಟ್ಟು, ನಿಧಾನವಾಗಿ ಹೆಜ್ಜೆ ಇಡಬೇಕು. ಒಂದೇ ದಿನದಲ್ಲಿ ಫಲಕ ಬರೆಸಿ ಉದ್ಘಾಟಿಸುವ ಕೆಲಸ ಇದಲ್ಲ.

ಆದರೂ ನಮ್ಮ ಈ ತಾಲ್ಲೂಕುಗಳಲ್ಲಿ ಇದು ಇನ್ನಷ್ಟು ಅಗತ್ಯ. ಇಲ್ಲಿನ ಎಷ್ಟೋ ಮಕ್ಕಳು ತಂದೆತಾಯಿಯೊಡನೆ ಗುಳೆ ಹೋಗಿ ಬರುತ್ತಾರೆ. ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ, ವಹಿ ಖಾಲಿ ಇರುತ್ತದೆ. ಅಂತಹ ಮಗುವಿಗೂ ಶಾಲೆಗೂ ನಡುವೆ ಇರುವುದು ಒಂದು ತೆಳ್ಳನೆಯ ದಾರ. ಪೇಟೆಯ ಮಗು ಏಟು ತಿಂದು ನಾಳೆ ಮತ್ತೆ ಶಾಲೆಗೆ ಬರುತ್ತದೆ. ಈ ಮಗು ಏಟು ತಿಂದು ಗೋವೆಯ ಬಸ್ಸು ಹತ್ತುತ್ತದೆ.

ಕೊನೆಯದಾಗಿ

ಎರಡು ವರ್ಷದ ಹಿಂದೆ ಆ ಮುನ್ನೂರು ರೂಪಾಯಿಯ ಹುಡುಗನನ್ನು ಹುಡುಕಿಕೊಂಡು ಅವನ ಊರಿಗೆ ಹೋದೆವು. ಜಾತ್ರೆಗೆಂದು ಗೋವೆಯಿಂದ ಬಂದಿದ್ದ. ಈಗ ಗೌಂಡಿ ಕೆಲಸ, ಮದುವೆಯಾಗಿದೆ, ಮಗ ಒಂದನೇ ತರಗತಿ. ಅವನ ಮನೆಯ ಪಡಸಾಲೆಯಲ್ಲಿ ಕುಳಿತು, ಅಂದು ನಾವು ಮಾಡಿದ್ದು ತಪ್ಪಾಗಿತ್ತೆಂದು ಹೇಳಿದೆವು. ಅವನು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಹೇಳಿದ: 'ಇರ್ಲಿ ಬಿಡ್ರಿ ಫಾದರ್, ನಂದು ಆಗಿಹೋತು. ಇವನ ಸಾಲಿ ಮಾಸ್ತರಿಗೆ ಒಂದು ಮಾತು ಹೇಳ್ರಿ. ತಪ್ಪು ಮಾಡಿದ್ರ ಮೊದಲ ಕೇಳ್ರಿ ಅನ್ರಿ.'

ಅವನ ಶಾಲೆಯನ್ನು ನಾವು ಮರಳಿ ಕೊಡಲಾರೆವು. ಸರಿಪಡಿಸಲಾಗದ ಹಾನಿಗಳೂ ಇವೆ. ಆದರೆ ಅವನು ಒಂದು ಕೆಲಸ ಒಪ್ಪಿಸಿದ್ದಾನೆ, ಅದನ್ನು ಮಾಡಬಲ್ಲೆವು. ಈ ಬರಹವೂ ಆ ಸಾಲದ ಒಂದು ಕಂತು. ಪ್ರಿಯ ಶಿಕ್ಷಕರೇ, ತಂದೆತಾಯಿಗಳೇ, ಗುರುಗಳೇ, ಧಾರ್ಮಿಕ ಸಹೋದರಿಯರೇ, ಮುಂದಿನ ಸಲ ಕೈ ಎತ್ತುವ ಮೊದಲು ಒಂದು ಮಾತು ಕೇಳೋಣ: 'ಯಾಕ, ತಮ್ಮಾ?' ಉತ್ತರ ಬರುವವರೆಗೆ ಕಾಯೋಣ.